ಗುಡುಗಿನ ದಿನ ಹಾಕಿದ ಕೊಂಡಿ

ಯಾರಾದರೂ ಇಂಥ ಸಂಗತಿ ತೆಗೆದರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆಪ ಹೇಳಿ ಎದ್ದು ಹೋಗುವವರ ಪೈಕಿ ನಾನು. ನಮ್ಮ ತಂದೆ ಬಾಗಲಕೋಟೆಯಲ್ಲಿ ಶಾಲೆಯ ಮಾಸ್ತರರಾಗಿದ್ದರು. ಓಣಿಯಲ್ಲಿ ಯಾರಿಗೋ ಏನೋ ಕಂಡಿತಂತೆ, ಯಾರನ್ನೋ ಯಾರೋ ಹೆಸರು ಹಿಡಿದು ಕರೆದರಂತೆ ಎಂಬ ಸುದ್ದಿ ಬಂದರೆ ಅವರು, "ರಾತ್ರಿ ಏನ್ ಉಂಡಿದ್ದ ಕೇಳ್ರಿ ಅವನ್ನ" ಎಂದು ಪೇಪರು ಮಡಚಿಡುತ್ತಿದ್ದರು. ಆ ಮಾತು ಕೇಳುತ್ತ ಬೆಳೆದವಳು ನಾನು. ಈಗ ನನಗೆ ಐವತ್ತರ ಹತ್ತಿರ ವಯಸ್ಸು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟು ಕಸುವೂ ನನ್ನಲ್ಲಿ ಉಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ನಿಮಗೆ ಏನಾದರೂ ಹೊಳೆದರೆ ಒಳ್ಳೆಯದು.

ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಒಂದೇ ಮಗ್ಗ, ನೆಲದಲ್ಲಿ ಕುಣಿ ತೋಡಿ ಕೂಡಿಸಿದ್ದು. ಮದುವೆಯಾಗಿ ಬಂದಾಗ ನನಗೆ ಲಾಳಿ ಯಾವುದು, ಕಂಡಿಕೆ ಯಾವುದು ಎಂಬುದೂ ಗೊತ್ತಿರಲಿಲ್ಲ. ರೊಟ್ಟಿ ಬಡಿಯುವುದು, ನಳ ಬಂದ ದಿನ ನೀರು ತುಂಬುವುದು, ಮಧ್ಯಾಹ್ನ ಕಂಡಿಕೆಗೆ ನೂಲು ಸುತ್ತುವುದು, ಹೀಗೆ ದಿನ ಕಳೆಯುತ್ತ ಕಳೆಯುತ್ತ ಕಲಿತೆ. ಮಗಳನ್ನು ಮುಧೋಳಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಉಳಿದವರು ಮೂವರೇ: ಅತ್ತೆ, ನಮ್ಮ ಮನೆಯವರು, ನಾನು.

ಇಳಕಲ್ ಸೀರೆಯ ಕೆಂಪು ಸೆರಗನ್ನು ನೀವು ನೋಡಿಯೇ ಇರುತ್ತೀರಿ. ಆ ಸೆರಗಿನ ಎಳೆ ಬೇರೆ, ಒಡಲಿನ ಎಳೆ ಬೇರೆ ಎಂಬುದು ಭಾಳ ಮಂದಿಗೆ ಗೊತ್ತಿರುವುದಿಲ್ಲ. ಒಡಲು ಮುಗಿಯುವ ಜಾಗದಲ್ಲಿ ಅದರ ಒಂದೊಂದು ಎಳೆಯ ಕುಣಿಕೆಯೊಳಗೂ ಸೆರಗಿನ ರೇಷ್ಮೆ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಎಳೆದು ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಒಬ್ಬರಿಂದ ಆಗುವ ಕೆಲಸವಲ್ಲ. ಈ ಕಡೆ ಕುಳಿತವರು ಎಳೆ ಬಿಡಿಸಿ ಮುಂದೆ ಚಾಚಬೇಕು; ಎದುರಿಗೆ ಕುಳಿತವರು ಅದನ್ನು ತಮ್ಮ ಬೆರಳಿಗೆ ತೆಗೆದುಕೊಂಡು ಕುಣಿಕೆ ಕೂಡಿಸಬೇಕು. ನಡುವೆ ಬಿಟ್ಟು ಎದ್ದರೆ ಬಿಗಿ ಸಡಿಲಾಗಿ ಹಾಕಿದ್ದೆಲ್ಲ ಜಾರಿಹೋಗುತ್ತದೆ. ಹಾಗಾಗಿ ಕೊಂಡಿಗೆ ಕೂಡುವ ಮೊದಲು ಒಲೆ ಆರಿಸಿ, ಬಾಗಿಲು ಮುಂದೆ ಮಾಡಿ ಕೂಡುವುದು ನಮ್ಮ ಮನೆಯ ವಾಡಿಕೆ. ಮುಗಿಲು ಕಟ್ಟಿದಾಗ ಕೂಡಲೇಬಾರದು ಎಂಬುದು ಅತ್ತೆಯ ಕಟ್ಟಳೆ. ಮಳೆ ಬಂದರೆ ಯಾರಾದರೂ ಒಬ್ಬರು ಏಳಲೇಬೇಕಾಗುತ್ತದಲ್ಲ, ಅದಕ್ಕೆ.

ಎದುರಿಗಿನ ಜಾಗ ನಮ್ಮ ಮನೆಯವರದು. ನಾನು ಎಳೆ ಕೊಡುವವಳು, ಅವರು ತೆಗೆದುಕೊಳ್ಳುವವರು. ವರ್ಷಗಟ್ಟಲೆ ಹಾಗೇ ಕುಳಿತಿದ್ದೇವೆ. ಒಂದೊಂದು ಹಿಡಿ ಎಳೆ ಕೂಡಿಸಿದ ಮೇಲೆ ಅವರು ಉಗುರಿನಿಂದ ಎಳೆಗಳ ಮೇಲೆ ಮೆಲ್ಲಗೆ ಒಂದು ಪೆಟ್ಟು ಕೊಡುತ್ತಿದ್ದರು. ಅದು ಎಳೆಗುಂಟ ಬಂದು ನನ್ನ ಬೆರಳಿಗೆ ತಾಕುತ್ತಿತ್ತು. ಇನ್ನೊಂದು ಹಿಡಿ ಕೊಡು ಎಂದು ಅದರ ಅರ್ಥ. ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಅವರು ಊರಲ್ಲಿ ಇಲ್ಲದಾಗ ಅತ್ತೆ ಆ ಜಾಗದಲ್ಲಿ ಕೂಡುತ್ತಿದ್ದರು. ಅವರಿಗೆ ಪೆಟ್ಟು ಕೊಡುವ ಅಭ್ಯಾಸವಿಲ್ಲ; ಅಂಗೈಯಿಂದ ಎಳೆಗಳನ್ನು ಸವರುತ್ತಾರೆ, ಕೂಸಿನ ತಲೆ ಸವರಿದ ಹಾಗೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಮ್ಮ ಮನೆಯವರು ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರಿಗೆ ಈ ಕಡೆ ಪಾಯಾಳು ಎನ್ನುತ್ತಾರೆ. ನೆಲದೊಳಗಿನ ನೀರು ಪಾಯಾಳುವಿಗೆ ತಿಳಿಯುತ್ತದಂತೆ. ಸಿಡಿಲು ಪಾಯಾಳುವನ್ನು ಹುಡುಕಿಕೊಂಡು ಬರುತ್ತದಂತೆ. ಮೊದಲನೆಯ ಮಾತನ್ನು ಅತ್ತೆ ಅಷ್ಟಾಗಿ ನಂಬಿರಲಿಲ್ಲ, ಎರಡನೆಯದನ್ನು ಮಾತ್ರ ಎದೆಯಲ್ಲಿ ಇಟ್ಟುಕೊಂಡಿದ್ದರು. ಮುಗಿಲು ಗುಡುಗಿದರೆ ಸಾಕು, ತಲೆ ನರೆತ ಮಗನನ್ನು ಓಣಿಯ ಕಟ್ಟೆಯಿಂದ ಎಬ್ಬಿಸಿ ಒಳಗೆ ಕರೆತರುತ್ತಿದ್ದರು. ಕಬ್ಬಿಣದ ಹಾರಿಯನ್ನು ಅಂಗಳಕ್ಕೆ ಎಸೆದು, ಅರ್ಜುನನ ಹೆಸರು ಹೇಳುತ್ತ ಹೊಸ್ತಿಲ ಹತ್ತಿರ ಕೂಡುತ್ತಿದ್ದರು. ಕಟ್ಟೆಯ ಗೆಳೆಯರು ನಗುತ್ತಿದ್ದರು. ಇವರೂ ನಗುತ್ತಲೇ ಎದ್ದು ಬರುತ್ತಿದ್ದರು. ನಾನೂ ಒಳಗೊಳಗೆ ನಕ್ಕಿದ್ದೇನೆ.

ಆ ವರ್ಷ ಬೇಸಿಗೆಯ ಕೊನೆ. ಅಡ್ಡಮಳೆಯ ದಿನಗಳು. ಬೆಳಿಗ್ಗೆ ಬೆಂಕಿಯಂಥ ಬಿಸಿಲು, ಮಧ್ಯಾಹ್ನ ಕಳೆದ ಮೇಲೆ ಎಲ್ಲೋ ಒಂದು ಕಡೆ ಮುಗಿಲು ಏಳುವುದು, ಗುಡುಗುವುದು, ಹನಿ ಹಾಕದೆ ಹೋಗುವುದು. ಬಾದಾಮಿಯಲ್ಲಿ ಇರುವ ನನ್ನ ನಾದಿನಿಯ ಮಗಳಿಗೆ ಕುಬಸ, ಅಂದರೆ ಸೀಮಂತ, ಮಾಡುವುದಿತ್ತು. ಚೊಚ್ಚಲ ಬಸಿರು, ಸೋದರಮಾವನ ಮಗ್ಗದ ಸೀರೆಯನ್ನೇ ಉಡಿಸಬೇಕೆಂದು ನಾದಿನಿಯ ಆಸೆ. ಹಸಿರು ಒಡಲು ನೇಯ್ದು ಮುಗಿದಿತ್ತು, ಸೆರಗು ಉಳಿದಿತ್ತು. ಕುಬಸದ ಏರ್ಪಾಟು ಮಾತಾಡಿಕೊಂಡು, ಬರುವಾಗ ಗುಳೇದಗುಡ್ಡದಲ್ಲಿ ಕುಬಸಕ್ಕೆ ರವಿಕೆಯ ಖಣ ತೆಗೆದುಕೊಂಡು ಬರುತ್ತೇನೆಂದು ಇವರು ನಸುಕಿನಲ್ಲೇ ಮೋಟಾರ್ ಸೈಕಲ್ ಹತ್ತಿ ಬಾದಾಮಿಗೆ ಹೋಗಿದ್ದರು.

ಊಟದ ಹೊತ್ತಿಗೆ ಮೊದಲ ಫೋನು ಬಂತು. ಹೊರಡುತ್ತಿದ್ದೇನೆ ಎಂದರು. ಬಾದಾಮಿಯ ಕೆಂಪು ಗುಡ್ಡಗಳ ಹಿಂದೆ ಮುಗಿಲು ಏರುತ್ತಿದೆ, ಕೆರೆಯ ನೀರು ಮಸಿಯ ಹಾಗೆ ಕಾಣುತ್ತಿದೆ, ಅಲ್ಲಿ ಒಮ್ಮೆ ಗುಡುಗಿದರೆ ಗುಡ್ಡದಿಂದ ಗುಡ್ಡಕ್ಕೆ ಬಡಿದು ನಾಲ್ಕು ಸಲ ಕೇಳಿಸುತ್ತದೆ ಎಂದೆಲ್ಲ ಹೇಳಿದರು. ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು, ತಂಗಿಯ ಮನೆಯಲ್ಲೇ ಇದ್ದು ನಾಳೆ ಬಾ ಎಂದರು. ಆ ಕಡೆಯಿಂದ ಇವರ ನಗು ನನಗೂ ಕೇಳಿಸಿತು. "ಬಿಡಬೇ, ಇಷ್ಟ್ ವರ್ಷಾತು, ಸಿಡ್ಲು ನನ್ನ ಹೆಸರ ಮರತಿರ್ತೈತಿ."

ಗುಳೇದಗುಡ್ಡದಿಂದ ಮತ್ತೊಮ್ಮೆ ಮಾತಾಡಿದರು. ಖಣ ಕೊಂಡಾಗಿತ್ತು. ಧೂಳಿನ ಗಾಳಿ ಎದ್ದಿದೆ, ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿವೆ, ಊರೇ ಮೂಕಾದ ಹಾಗಿದೆ ಎಂದರು. ನಾವು ಕೊಂಡಿಗೆ ಕೂತಿರುತ್ತೇವೆ ಎಂದೆ. ನಾನು ಬಂದ ಮೇಲೆ ಹಾಕೋಣ ಬಿಡು ಎಂದರು. ಅವರು ಬರುವುದು ಸಂಜೆಯಾಗುತ್ತದೆ, ನಾಳೆ ಬೆಳಕು ಹರಿಯುವ ಹೊತ್ತಿಗೆ ಸೆರಗು ನೇಯಲು ಶುರು ಮಾಡದಿದ್ದರೆ ಕುಬಸಕ್ಕೆ ಸೀರೆ ಮುಟ್ಟುವುದಿಲ್ಲ. ಅದನ್ನೇ ಹೇಳಿದೆ. ಇಳಕಲ್ಲಿನ ಮೇಲೆ ಆಗ ಮುಗಿಲೇ ಇರಲಿಲ್ಲ. ಅತ್ತೆ ಅಂಗಳಕ್ಕೆ ಹೋಗಿ ಪಡುವಣ ಕಡೆ ನೋಡಿ ಬಂದರು. ಕಣ್ಣು ಆಗಲೇ ಮಂಜಾಗಿದ್ದವು, ಏನು ಕಂಡರೋ. ಬಾದಾಮಿಯ ಮುಗಿಲು ಹುನಗುಂದ ದಾಟುವುದಿಲ್ಲ ಬಿಡು ಎಂದು ತಾವೇ ಒಲೆ ಆರಿಸಿದರು.

ಕುಳಿತೆವು. ಮೊದಲ ಸದ್ದು ಕೇಳಿದಾಗ ಇಬ್ಬರೂ ತಲೆ ಎತ್ತಲಿಲ್ಲ. ನಮ್ಮೂರ ಸುತ್ತ ಕಲ್ಲಿನ ಗಣಿಗಳು. ಮದ್ದು ಹಾರಿಸುವ ಸದ್ದಿಗೆ ಕಿವಿ ಹೊಂದಿಕೊಂಡಿವೆ. ಎರಡನೆಯದು ಬಂದಾಗ ಅದರ ಕೊನೆಯಲ್ಲಿ ಉರುಳಾಟವಿತ್ತು. ಗಣಿಯ ಸದ್ದು ಉರುಳುವುದಿಲ್ಲ. ಅತ್ತೆಯ ಕೈ ನಿಂತಿತು.

ಆಗಲೇ ಮೂರನೆಯ ಫೋನು. ನಾನು ಎಳೆ ಬಿಡುವ ಹಾಗಿರಲಿಲ್ಲ. ಅತ್ತೆಯೇ ಎತ್ತಿ ನನ್ನ ಕಿವಿಗೆ ಹಿಡಿದರು. ಅಮೀನಗಡ ದಾಟಿದ್ದೇನೆ ಎಂದರು. ಕಪ್ಪು ಮಣ್ಣಿನ ಎರೆ ಹೊಲದ ನಡುವಿನ ರಸ್ತೆ, ದೂರದ ಒಂದು ಬೇವಿನ ಮರ ಬಿಟ್ಟರೆ ಸುತ್ತ ಒಂದು ಗಿಡವೂ ಇಲ್ಲ, ಮುಗಿಲು ನೆಲಕ್ಕೆ ತಾಕಿದ ಹಾಗೆ ಕಾಣುತ್ತಿದೆ, ಮಳೆಹನಿಯ ಜೊತೆ ಆಣೆಕಲ್ಲು ಬೀಳುತ್ತಿವೆ. ಗಾಳಿಯಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೊನೆಗೆ ಕೇಳಿಸಿದ್ದು ಇಷ್ಟು: "ಕೈ ಯಾಕೋ ಹಿಡ್ಯಾಕತ್ತಾವು." ಅಲ್ಲಿಗೆ ಕಡಿಯಿತು. ಅತ್ತೆ ತಿರುಗಿ ಹಚ್ಚಿದರು, ನಾನು ಹೇಳಿದ ಹಾಗೆ ಗುಂಡಿ ಒತ್ತಿದರು. ಹತ್ತಲಿಲ್ಲ.

ಬರಬರುತ್ತ ಮನೆಯೊಳಗಿನ ಬೆಳಕು ಮೊದಲು ಅರಿಶಿನದಂತಾಯಿತು, ಆಮೇಲೆ ಬೂದಿಯಂತಾಯಿತು. ಕರೆಂಟು ಹೋಯಿತು. ತಾವು ಹಿಡಿದ ಎಳೆಗಳನ್ನು ನನ್ನ ಕೈಗಿಟ್ಟು ಅತ್ತೆ ಎದ್ದರು. ಹಾರಿಯನ್ನು ಅಂಗಳಕ್ಕೆ ಎಸೆದ ಸದ್ದು ಕೇಳಿಸಿತು. ಎದುರು ಮನೆಯ ಮಾಬೂಬಿಯ ಗಂಡ ಹುನಗುಂದದ ದಾರಿಯಲ್ಲಿ ಟೆಂಪೋ ಓಡಿಸುವವರು; ಅವರಿಂದ ಏನಾದರೂ ಸುದ್ದಿ ಇದೆಯೇ ಕೇಳಿ ಬರುತ್ತೇನೆ, ನೀನು ಎಳೆ ಬಿಡಬೇಡ ಎಂದು ಹೇಳಿ ಅತ್ತೆ ಬಾಗಿಲು ದಾಟಿದರು. ಅವರು ಓಣಿ ದಾಟಿದ್ದಷ್ಟೇ, ಮಳೆ ಸುರಿಯಿತು. ನಮ್ಮೂರಿನ ಮಳೆ ಬಂಡೆಗಲ್ಲಿನ ಮೇಲೆ ಬೀಳುವ ಮಳೆ. ತಾಟಿನ ಮೇಲೆ ಜೋಳ ಸುರುವಿದಂತೆ ಸದ್ದು. ಅದರ ಮೇಲೆ ಗುಡುಗು.

ನಾನು ಅಲ್ಲೇ ಕುಳಿತಿದ್ದೆ. ಎರಡೂ ಕೈಯಲ್ಲಿ ಎಳೆ. ಅರ್ಧ ಕೊಂಡಿ ಆಗಿತ್ತು, ಅರ್ಧ ಉಳಿದಿತ್ತು. ಎದ್ದರೆ ಇಡೀ ಸೀರೆ ಹಾಳು. ಆ ಹೊತ್ತಿನಲ್ಲಿ ಸೀರೆಯ ಚಿಂತೆ ಇತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ. ಆದರೆ ಎಳೆ ಬಿಟ್ಟರೆ ಅಲ್ಲಿ ಅವರಿಗೆ ಏನೋ ಆಗುತ್ತದೆ ಎಂದು ಅನ್ನಿಸಿತು. ಮಾಸ್ತರರ ಮಗಳಿಗೆ ಹೀಗೆ ಅನ್ನಿಸಬಾರದು. ಅನ್ನಿಸಿತು, ಬರೆಯುತ್ತಿದ್ದೇನೆ.

ಬಾಗಿಲು ಒಮ್ಮೆ ಬಡಿದುಕೊಂಡಿತು. ಗಾಳಿಯ ಜೊತೆ ಹಸಿ ಮಣ್ಣಿನ ವಾಸನೆ ಒಳಗೆ ಬಂತು. ಕಪ್ಪು ಮಣ್ಣಿನ ವಾಸನೆ ಎಂದು ಆಗ ಯೋಚಿಸಲಿಲ್ಲ. ನಮ್ಮ ಸುತ್ತಲಿರುವುದು ಕಲ್ಲು ಮತ್ತು ಮರಳು. ಎರೆ ಮಣ್ಣಿನ ವಾಸನೆ ಅಲ್ಲಿ ಬರಬಾರದು ಎಂಬುದು ಆಮೇಲೆ ಹೊಳೆದದ್ದು. ಎದುರಿಗೆ ಯಾರೋ ಕುಳಿತರು. ಕತ್ತಲೆಯಲ್ಲಿ ಒಂದು ಆಕಾರ, ಅಷ್ಟೇ. ಅತ್ತೆ ತಿರುಗಿ ಬಂದರು ಎಂದುಕೊಂಡೆ. ಸುದ್ದಿ ಏನಾದರೂ ಸಿಕ್ಕಿತೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಸಿಕ್ಕಿಲ್ಲ, ಅದಕ್ಕೇ ಮಾತಿಲ್ಲ ಎಂದುಕೊಂಡೆ. ಎಳೆ ಮುಂದೆ ಚಾಚಿದೆ. ತೆಗೆದುಕೊಂಡರು.

ಬೆರಳು ನನ್ನ ಬೆರಳಿಗೆ ತಾಕಿದಾಗ ತಣ್ಣಗಿದ್ದವು, ಒದ್ದೆಯಾಗಿದ್ದವು. ಮಳೆಯಲ್ಲಿ ನೆನೆದು ಬಂದವರ ಕೈ ಹಾಗಿರುವುದು ಸಹಜ. ರೇಷ್ಮೆಗೆ ನೀರು ತಾಕೀತು, ಒರೆಸಿಕೊಳ್ಳಿ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಮುಂದಿನ ಎಳೆಗೆ ಕೈ ಬಂದಿತ್ತು. ಹೊರಗೆ ಒಂದರ ಮೇಲೊಂದು ಗುಡುಗು. ಕೈ ಮಾತ್ರ ಸರಾಗವಾಗಿ ನಡೆಯಿತು. ನಾನು ಕೊಡುವುದು, ಆ ಕಡೆ ತೆಗೆದುಕೊಳ್ಳುವುದು, ಕೊಡುವುದು, ತೆಗೆದುಕೊಳ್ಳುವುದು. ಹಿಡಿ ಮುಗಿದಾಗ ಎಳೆಗುಂಟ ಒಂದು ಸಣ್ಣ ಪೆಟ್ಟು ನನ್ನ ಬೆರಳಿಗೆ ಬಂದು ತಾಕುತ್ತಿತ್ತು. ನಾನು ಮುಂದಿನ ಹಿಡಿ ಕೊಡುತ್ತಿದ್ದೆ. ವರ್ಷಗಟ್ಟಲೆ ರೂಢಿಯಾದ ಸನ್ನೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನ್ನ ಮನಸ್ಸು ಸ್ವಲ್ಪ ಹಗುರಾಗಿತ್ತು. ಕೆಲಸ ನಡೆಯುತ್ತಿದೆ, ಹಾಗಾದರೆ ಎಲ್ಲ ಸರಿಯಿದೆ ಎಂಬಂಥ ನೆಮ್ಮದಿ.

ನಡುವೆ ಒಂದು ಮಿಂಚು ಹೊಡೆಯಿತು. ಕಿಟಕಿ ಬೆಳ್ಳಗಾಯಿತು. ಆಗ ತಲೆ ಎತ್ತಿದ್ದರೆ ಎದುರಿಗಿದ್ದವರು ಯಾರೆಂದು ಕಾಣುತ್ತಿತ್ತು. ಕೊಂಡಿ ಹಾಕುವವರು ತಲೆ ಎತ್ತುವುದಿಲ್ಲ. ನಾನು ನೋಡಿದ್ದು ಕೆಂಪು ಎಳೆಗಳನ್ನು, ಅವುಗಳ ನಡುವೆ ಬಾಗಿದ ಬೆರಳುಗಳ ನೆರಳನ್ನು ಮಾತ್ರ.

ಕೊನೆಯ ಹಿಡಿ ಮುಗಿದಾಗ ಮಳೆ ತಗ್ಗಿತ್ತು. ಕಡ್ಡಿ ಸಿಕ್ಕಿಸಿ ಎಳೆಗಳನ್ನು ಬಿಗಿ ಮಾಡಿ, "ಮುಗೀತ್ರಿ ಅತ್ತಿ, ಏಳ್ರಿ" ಎಂದೆ. ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಎದುರಿಗೆ ಯಾರೂ ಇರಲಿಲ್ಲ. ನೆಲದ ಮೇಲಿನ ಗೋಣಿ ತಟ್ಟು ಒದ್ದೆಯಾಗಿತ್ತು. ಅಡಿಗೆಮನೆಗೆ ಹೋಗಿರಬೇಕು ಎಂದುಕೊಂಡು ಕಾಲು ಜೋಮು ಬಿಡಿಸಿಕೊಳ್ಳುತ್ತ ಕುಳಿತೆ.

ಸ್ವಲ್ಪ ಹೊತ್ತಿಗೆ ಮುಂಬಾಗಿಲಿನಿಂದ ಅತ್ತೆ ಬಂದರು. ಹಿಂದೆ ಮಾಬೂಬಿ, ಅವರ ತಲೆಯ ಮೇಲೆ ಕೊಡೆ ಹಿಡಿದು. ಅತ್ತೆಯ ಸೀರೆಯ ಅಂಚು ಬಿಟ್ಟರೆ ಎಲ್ಲೂ ಒದ್ದೆಯಿರಲಿಲ್ಲ. ಎಳೆ ಜಾರಿದವೇನು, ಎಷ್ಟು ಹಾಳಾಯಿತು ಎಂದು ಕೇಳಿದರು. ಮುಗಿಯಿತಲ್ಲ, ನೀವೇ ಕೂತು ಮುಗಿಸಿದಿರಲ್ಲ ಎಂದೆ. ಮಾಬೂಬಿ ನನ್ನ ಮುಖ ನೋಡಿದರು. ಅವ್ವಾರು ನಮ್ಮ ಮನೆಯಲ್ಲೇ ಇದ್ದರು, ನಾನೇ ಕೈ ಹಿಡಿದುಕೊಂಡು ಕೂತಿದ್ದೆ, ಒಂದು ಗುಟುಕು ಚಹಾ ಸಹ ಇಳಿಯಲಿಲ್ಲ ಅವರಿಗೆ ಎಂದರು.

ಅತ್ತೆ ಮಗ್ಗದ ಆ ಕಡೆ ಹೋಗಿ ಕುಳಿತರು. ಕಣ್ಣು ಕಾಣದಿದ್ದರೂ ಬೆರಳಿಗೆ ಕಾಣುತ್ತದೆ ಅವರಿಗೆ. ಕೊಂಡಿಯ ಸಾಲನ್ನು ಈ ತುದಿಯಿಂದ ಮುಟ್ಟುತ್ತ ಹೋದರು. ಅರ್ಧಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲಿಯವರೆಗೆ ಅವರದೇ ಕೈ. ಅಲ್ಲಿಂದ ಮುಂದಿನದನ್ನು ಮೆಲ್ಲಗೆ, ಒಂದೊಂದೇ ಮುಟ್ಟಿದರು. ಕೊನೆಯವರೆಗೂ ಮುಟ್ಟಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ಸಣ್ಣ ಪೆಟ್ಟಿನ ನೆನಪು ನನ್ನ ಬೆರಳಿಗೆ ಬಂದದ್ದು ಆಗ. ಅತ್ತೆ ಪೆಟ್ಟು ಕೊಡುವವರಲ್ಲ.

ಮಾಬೂಬಿ ದೀಪ ಹಚ್ಚಿ ಇಟ್ಟು ಹೋದರು. ಆಮೇಲಿನ ಹೊತ್ತನ್ನು ಹೇಗೆ ಬರೆಯಲಿ. ಹೊಸ್ತಿಲ ಒಳಗೆ ನಾನು, ಹೊರಗೆ ಅತ್ತೆ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ. ಹೋಗುವ ಜೀವ ಕೊನೆಗೆ ಒಮ್ಮೆ ಮನೆಗೆ ಬಂದು ಹೋಗುತ್ತದೆ ಎನ್ನುತ್ತಾರಲ್ಲ, ಅದು. ನನ್ನ ತಂದೆ ನಕ್ಕುಬಿಡುತ್ತಿದ್ದ ಮಾತು. ನಗುವವರು ಯಾರೂ ಇರಲಿಲ್ಲ ಅಲ್ಲಿ. ನಾನು ಎದ್ದು ಒಲೆ ಹಚ್ಚಿದೆ. ಅನ್ನಕ್ಕಿಟ್ಟೆ. ಮೂವರಿಗೆ ಅಕ್ಕಿ ಹಾಕಬೇಕೋ ಇಬ್ಬರಿಗೋ ಎಂದು ಕೈ ಡಬ್ಬಿಯೊಳಗೆ ನಿಂತದ್ದು ನೆನಪಿದೆ. ಮೂವರಿಗೇ ಹಾಕಿದೆ. ಅತ್ತೆ ತುಳಸಿಗೇರಿ ಹಣಮಪ್ಪನಿಗೆ ಏನೋ ಹರಕೆ ಹೇಳಿಕೊಳ್ಳುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ನೀರು ಹರಿಯುವ ಸದ್ದು, ಕಪ್ಪೆಗಳ ಸದ್ದು. ಮುಗಿಲು ಆಗಲೇ ತಾವರಗೇರಿಯ ಕಡೆ ದಾಟಿ ದೂರದಲ್ಲಿ ಸುಮ್ಮನೆ ಬೆಳಗುತ್ತಿತ್ತು.

ದೀಪ ಹಚ್ಚುವ ಹೊತ್ತು ಕಳೆದು ಸ್ವಲ್ಪದರಲ್ಲಿ ಓಣಿಯ ತುದಿಯಲ್ಲಿ ಟೆಂಪೋದ ಬೆಳಕು ಕಂಡಿತು. ಮಾಬೂಬಿಯ ಗಂಡ ಕೆಳಗಿಳಿದು ಈ ಕಡೆಯ ಬಾಗಿಲು ತೆಗೆದರು. ನಮ್ಮ ಮನೆಯವರು ಇಳಿದರು. ತಲೆಯಿಂದ ಕಾಲಿನವರೆಗೆ ಎರೆ ಮಣ್ಣು. ಅತ್ತೆ ಕುಳಿತಲ್ಲಿಂದಲೇ ಮಗನ ಪಾದ ಮುಟ್ಟಿ ನೋಡಿದರು. ಇವರಿಗೆ ನಾಚಿಕೆಯಾಗಿರಬೇಕು. "ಏನಬೇ ಇದು, ದೆವ್ವದಂಗ ಕಾಲ ತಿರುವಿ ಬಂದೀನೇನ ನೋಡಾಕತ್ತೀ?" ಎಂದರು. ಅತ್ತೆ ಬಿಕ್ಕಿದ್ದು ನನಗೆ ಕೇಳಿಸಿತು.

ಅವರು ಹೇಳಿದ್ದು ಇಷ್ಟು. ಅಮೀನಗಡ ದಾಟಿ ಎರೆ ಹೊಲಗಳ ನಡುವೆ ಬರುವಾಗ ಬೆರಳು ಮರಗಟ್ಟಿದವು. ಮೊದಲು ತುದಿ, ಆಮೇಲೆ ಅಂಗೈ. ಕ್ಲಚ್ ಹಿಡಿದಿದ್ದೇನೋ ಬಿಟ್ಟಿದ್ದೇನೋ ತಿಳಿಯದಾಯಿತು. ಮುಂದೆ ರಸ್ತೆಗೆ ಹತ್ತಿಕೊಂಡು ಒಂದು ಬೇವಿನ ಮರ ಕಾಣುತ್ತಿತ್ತು. ಅದರ ಕೆಳಗೆ ನಿಲ್ಲೋಣ ಎಂದು ಮನಸ್ಸಿನಲ್ಲಿತ್ತು. ಅಲ್ಲಿಯವರೆಗೆ ಗಾಡಿ ನಡೆಸಲು ಕೈ ಒಪ್ಪಲಿಲ್ಲ. ಗಾಡಿಯನ್ನು ಅಲ್ಲೇ ಕೆಡವಿ ಪಕ್ಕದ ಸಣ್ಣ ಸೇತುವೆಯ ಕೆಳಗಿನ ತಗ್ಗಿನಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಆಮೇಲೆ ಸಿಡಿಲು ಬಿದ್ದದ್ದು ಆ ಬೇವಿನ ಮರಕ್ಕೆ. ನೆಲ ಒದ್ದ ಹಾಗಾಯಿತಂತೆ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮಳೆ ನಿಲ್ಲುವವರೆಗೆ ಕುಳಿತಿದ್ದೆ, ಕೈ ಇದ್ದವೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ ಎಂದರು. ಅಂಗಿಯೊಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆಯಲು ನನಗೆ ಹೇಳಿದರು. ಗುಂಡಿ ಬಿಚ್ಚಲು ಅವರಿಗೆ ಆಗಲಿಲ್ಲ. ಖಣ ಒಣಗಿದ್ದು ಒಣಗಿದ ಹಾಗೇ ಇತ್ತು.

ಅವರು ಮೈ ತೊಳೆದುಕೊಳ್ಳಲು ಹೋದಾಗ ಅತ್ತೆ ನನ್ನ ಮುಂಗೈ ಹಿಡಿದರು. "ಅವಂಗ ಇದ ಹೇಳಬ್ಯಾಡ. ಏನ ಬಂದಿತ್ತೋ, ಮಾತಾಡಿದ್ರ ತಿರುಗಿ ಬರ್ತೈತಿ." ಸರಿ ಎಂದೆ. ಮಾಬೂಬಿಗೂ ಅತ್ತೆಯೇ ಹೇಳಿದರು. ಕೊಂಡಿಯನ್ನು ಅತ್ತೆ ಸೊಸೆ ಇಬ್ಬರೂ ಕೂತು ಮುಗಿಸಿದರು ಎಂದಷ್ಟೇ ನಮ್ಮ ಮನೆಯವರಿಗೆ ಗೊತ್ತಾಯಿತು.

ಮರುದಿನ ಸೆರಗು ನೇಯಲು ಅವರಿಗೆ ಆಗಲಿಲ್ಲ. ಲಾಳಿ ಹಿಡಿದರೆ ಜಾರುತ್ತಿತ್ತು. ಕುಣಿಯಲ್ಲಿ ನಾನೇ ಇಳಿದು, ತಪ್ಪುತ್ತ ತಡವರಿಸುತ್ತ ನೇಯ್ದು ಮುಗಿಸಿದೆ. ಕುಬಸಕ್ಕೆ ಸೀರೆ ಮುಟ್ಟಿತು. ಹುಡುಗಿ ಅದನ್ನುಟ್ಟು ಕುಳಿತಾಗ ಹಸಿರು ಕೆಂಪು ಕೂಡುವ ಜಾಗದಲ್ಲಿ ಅರ್ಧ ಸಾಲಿನುದ್ದಕ್ಕೂ ಬಣ್ಣ ಚೂರು ಮಬ್ಬಾಗಿದ್ದು ನನಗೆ ಕಂಡಿತು. ರೇಷ್ಮೆಗೆ ನೀರು ತಾಕಿದರೆ ಹಾಗಾಗುತ್ತದೆ. ಬೇರೆ ಯಾರೂ ನೋಡಲಿಲ್ಲ. ಕೂಸು ಚೆನ್ನಾಗಿ ಹುಟ್ಟಿತು, ತಲೆ ಮುಂದಾಗಿ.

ಬಾಗಲಕೋಟೆಯ ದವಾಖಾನೆಗೆ ತೋರಿಸಿದೆವು. ಹತ್ತಿರ ಸಿಡಿಲು ಬಿದ್ದರೆ ನೆಲದೊಳಗಿಂದ ಕರೆಂಟು ಹರಿದು ನರಗಳಿಗೆ ಪೆಟ್ಟಾಗುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಒಳ್ಳೆಯ ಮನುಷ್ಯ, ಸಮಾಧಾನವಾಗಿ ಕೇಳಿದರು. ಮರಗಟ್ಟಿದ್ದು ಸಿಡಿಲಿಗೆ ಮೊದಲು ಎಂದು ಇವರು ಹೇಳಿದಾಗ, ಗಾಬರಿಯಲ್ಲಿ ಹಿಂದುಮುಂದಾಗಿ ನೆನಪಿರುತ್ತದೆ ಎಂದರು. ಇರಬಹುದು. ಆದರೆ ಕೈ ಹಿಡಿಯುತ್ತಿವೆ ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನೂ ಕುಳಿತು ಯೋಚಿಸಿದ್ದೇನೆ. ನಾನೊಬ್ಬಳೇ ಎರಡೂ ಕಡೆಯ ಕೆಲಸ ಮಾಡಿ ಮರೆತೆನೇ ಎಂದು ಕೈ ಚಾಚಿ ನೋಡಿದ್ದೇನೆ. ಮಗ್ಗದ ಆ ಕಡೆಗೆ ಕೈ ಮುಟ್ಟುವುದಿಲ್ಲ. ತಟ್ಟು ಒದ್ದೆಯಾಗಿದ್ದು ಸೋರಿದ್ದರಿಂದ ಇರಬಹುದೇ ಎಂದು ಮುಂದಿನ ಮಳೆಗಳಲ್ಲಿ ಆ ಜಾಗವನ್ನು ಕಾದು ನೋಡಿದೆ. ಅಡಿಗೆಮನೆ ಸೋರಿತು, ದೇವರ ಜಗಲಿ ಸೋರಿತು, ಆ ಜಾಗ ಸೋರಲಿಲ್ಲ. ಓಣಿಯವರು ಯಾರೋ ಬಂದು ಸಹಾಯ ಮಾಡಿ ಹೋಗಿರಬಹುದು ಎಂದು ಸಹ ಯೋಚಿಸಿದೆ. ಆ ಮಳೆಯಲ್ಲಿ ಹೇಳದೆ ಕೇಳದೆ ಬಂದು, ಬೇರೆಯವರ ಮಗ್ಗಕ್ಕೆ ಕೂತು, ಮಾತಾಡದೆ ಎದ್ದು ಹೋಗುವ ನೇಕಾರನನ್ನು ನಾನು ನೋಡಿಲ್ಲ.

ವರ್ಷಗಳು ಕಳೆದಿವೆ. ನಮ್ಮ ಮನೆಯವರ ಬೆರಳು ಅರ್ಧ ತ್ರಾಣಕ್ಕೆ ಬಂದಿವೆ. ಚಹಾದ ಲೋಟ ಹಿಡಿಯುತ್ತಾರೆ, ರೊಟ್ಟಿ ಮುರಿಯುತ್ತಾರೆ, ಅಂಗಿಯ ಗುಂಡಿಗೆ ಇಂದಿಗೂ ನಾನೇ ಬೇಕು. ಎಳೆ ಮಾತ್ರ ಅವರ ಕೈಗೆ ತಿಳಿಯುವುದಿಲ್ಲ. ಮಗ್ಗಕ್ಕೆ ನಾನು ಕೂಡುತ್ತೇನೆ. ಅವರು ನೂಲು ತರುವುದು, ಸೀರೆ ಮುಟ್ಟಿಸಿ ಬರುವುದು ನೋಡಿಕೊಳ್ಳುತ್ತಾರೆ. ಅತ್ತೆಗೆ ಕಣ್ಣು ಪೂರ್ತಿ ಹೋದವು. ಕೊಂಡಿಗೆ ಮಾಬೂಬಿಯ ಸೊಸೆ ಬಂದು ಎದುರಿಗೆ ಕೂಡುತ್ತಾಳೆ. ಚುರುಕಿನ ಹುಡುಗಿ. ಎಷ್ಟಿದ್ದರೂ ಬೇರೆ ಕೈ. ಹಿಡಿ ಹಿಡಿಗೂ ಬಾಯಿಬಿಟ್ಟು ಹೇಳಬೇಕು. ಸಂಜೆಯ ಹೊತ್ತಿಗೆ ಬೆನ್ನಿಗಿಂತ ಬಾಯಿ ದಣಿದಿರುತ್ತದೆ.

ಹೋದ ವರ್ಷ ಒಂದು ದಿನ ಆ ಹುಡುಗಿಗೆ ಜ್ವರ. ಪಡುವಣ ದಿಕ್ಕಿನಲ್ಲಿ ಮುಗಿಲು ಇತ್ತು, ಇನ್ನೂ ಗುಡುಗಿರಲಿಲ್ಲ. ಕೊಂಡಿ ನಿಲ್ಲಿಸುವ ಹಾಗಿರಲಿಲ್ಲ. ಕಟ್ಟೆಯಿಂದ ಒಳಗೆ ಬಂದ ಇವರಿಗೆ, ಒಂದಿಷ್ಟು ಕೂತು ನೋಡಿ, ಹಳೆಯ ಕೈ, ನೆನಪಾದೀತು ಎಂದೆ. ಎದುರಿಗೆ ಕುಳಿತರು. ನಾನು ಎಳೆ ಚಾಚಿದೆ. ತೆಗೆದುಕೊಂಡರು. ಜಾರಿತು. ಮತ್ತೆ ಚಾಚಿದೆ, ಮತ್ತೆ ಜಾರಿತು. ಮೂರನೆಯ ಸಲ ಅವರು ಕೈ ಮುಂದೆ ಮಾಡಲಿಲ್ಲ. ಬೆರಳುಗಳನ್ನು ಅಂಗಿಗೆ ಒರೆಸಿಕೊಂಡರು, ಒದ್ದೆಯಾಗಿದ್ದಂತೆ. ಮುಖದಲ್ಲಿ ಬೇಸರವಿರಲಿಲ್ಲ, ದಣಿವು ಇತ್ತು.

"ಆ ಕುಬಸದ ಸೀರಿದು ಕೊಂಡಿ ಹಾಕೀನಲ್ಲ," ಎಂದರು. "ಸಾಕದು."

ಉಂಡು ಬಂದೆ ಎಂದು ಹೇಳುವಾಗಿನ ದನಿ. ಹೇಳಿ ಎದ್ದು ಹಿತ್ತಲಿಗೆ ಹೋದರು. ಹಂಡೆಯಿಂದ ನೀರು ಮೊಗೆದುಕೊಳ್ಳುವ ಸದ್ದು ಕೇಳಿಸಿತು. ಅತ್ತೆ ಹೊರಗಿನ ಕಟ್ಟೆಯ ಮೇಲಿದ್ದರು, ಅವರಿಗೆ ಕೇಳಿಸಲಿಲ್ಲ. ಮಾಬೂಬಿಯನ್ನು ಆಮೇಲೆ ಕೇಳಿದೆ. ನಾನು ಯಾರಿಗೂ ಬಾಯಿ ಬಿಟ್ಟಿಲ್ಲ, ನನ್ನ ಗಂಡನಿಗೂ ಹೇಳಿಲ್ಲ ಎಂದರು. ಅವರು ಸುಳ್ಳು ಹೇಳುವವರಲ್ಲ.

ನಮ್ಮ ಮನೆಯವರನ್ನೇ ಕೇಳಬೇಕಿತ್ತು ಎನ್ನುತ್ತೀರಿ. ಕೇಳಬೇಕೆಂದು ನನಗೂ ಆಗಾಗ ಬಾಯಿವರೆಗೆ ಬರುತ್ತದೆ, ರಾತ್ರಿ ತಾಟಿಗೆ ಬಡಿಸುವಾಗ, ಅಂಗಿಯ ಗುಂಡಿ ಹಾಕುವಾಗ. ಹೌದು ಎಂದರೆ ಏನು ಮಾಡಲಿ, ಇಲ್ಲ ಎಂದರೆ ಏನು ಮಾಡಲಿ? ಗುಂಡಿ ಹಾಕಿ ಮುಗಿಸುತ್ತೇನೆ. ಅವರು ಕಟ್ಟೆಗೆ ಹೋಗುತ್ತಾರೆ.